ದಾಂಡೇಲಿ ಶಿಬಿರದ ದೊಡ್ಡ ಹೆಸರು

ಹುಬ್ಬಳ್ಳಿ-ಧಾರವಾಡದ ಪಾಲಕರ ಸಭೆಯಲ್ಲಿ ದಾಂಡೇಲಿಯ ನಿಸರ್ಗ ಶಿಬಿರವನ್ನು ಟೀಕಿಸಿ ನೋಡಿ, ನಿಮ್ಮನ್ನು ಮರ ಕಡಿಯುವವರ ಸಾಲಿಗೆ ಸೇರಿಸುತ್ತಾರೆ. ಎರಡು ದಿನ ಕಾಡು, ಒಂದು ರಾತ್ರಿ ಟೆಂಟು, ಬರುವಾಗ ಪ್ರಮಾಣಪತ್ರ: ಇಷ್ಟಕ್ಕೆ ಶಿಕ್ಷಣದ ಪಟ್ಟ ಸಿಕ್ಕಿ ಬಹಳ ದಿನವಾಯಿತು. ಬಯಲ ಕಲಿಕೆಯ ಬಗ್ಗೆ ಬರೆಯುವವರು ಈಗ ನಾರ್ವೆಯ ‘ಫ್ರಿಲುಫ್ಟ್ಸ್‌ಲಿವ್’ ಎಂಬ ಬಯಲ ಬದುಕಿನ ಸಂಪ್ರದಾಯದ ಹೆಸರನ್ನೂ ಇದಕ್ಕೆ ಅಂಟಿಸತೊಡಗಿದ್ದಾರೆ. ಶಿಬಿರ ಒಳ್ಳೆಯ ಪ್ರವಾಸ, ಒಪ್ಪಿದೆ. ಅದನ್ನು ಕಲಿಕೆ ಎನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ.

ಯಾವುದೇ ಶಿಬಿರದ ಬೆಳಗಿನ ನಡಿಗೆಯನ್ನು ತೆಗೆದುಕೊಳ್ಳಿ. ನಲವತ್ತು ಮಕ್ಕಳ ಸಾಲು ಮತ್ತಿ ಮರದ ಮುಂದೆ ನಿಲ್ಲುತ್ತದೆ. ಗೈಡ್ ಹೇಳುತ್ತಾನೆ: ಇದು ಮತ್ತಿ, ತೊಗಟೆ ಮೊಸಳೆ ಚರ್ಮದ ಹಾಗಿದೆ, ಬೇಸಿಗೆಯಲ್ಲಿ ಕಾಂಡದ ಉಬ್ಬನ್ನು ಕಡಿದರೆ ನೀರು ಚಿಮ್ಮುತ್ತದೆ. ಮಕ್ಕಳು ‘ಓ’ ಎನ್ನುತ್ತಾರೆ, ಟೀಚರು ಫೋಟೊ ತೆಗೆಯುತ್ತಾರೆ, ಸಾಲು ಮುಂದಿನ ಮರಕ್ಕೆ ಸಾಗುತ್ತದೆ. ಈ ಒಂದು ನಿಮಿಷದಲ್ಲಿ ಏನಾಯಿತು ಎಂಬುದನ್ನು ಬಿಡಿಸಿ ನೋಡಬೇಕು. ಹೇಳಿದ ಮೂರೂ ಮಾತು ನಿಜ. ಆದರೆ ಮೂರೂ ಮುಗಿದುಹೋದ ಮಾತುಗಳು. ಮಗುವಿಗೆ ಮಾಡಲು ಏನೂ ಉಳಿದಿಲ್ಲ. ಮೊಸಳೆ ಚರ್ಮ ಎಂದ ಕೂಡಲೇ ಕಣ್ಣು ತೊಗಟೆಯನ್ನು ನೋಡುವುದನ್ನು ಬಿಟ್ಟು ಮೊಸಳೆಯನ್ನು ನೆನೆಯುತ್ತದೆ. ಅಷ್ಟು ದಪ್ಪ ತೊಗಟೆ ಮರಕ್ಕೆ ಯಾಕೆ ಬೇಕಾಯಿತು? ಬೇಸಿಗೆಯಲ್ಲಿ ನೆಲಕ್ಕೆ ಹತ್ತುವ ಕಾಳ್ಗಿಚ್ಚನ್ನು ತಾಳಿಕೊಳ್ಳಲು. ಪಕ್ಕದ ಬುಡದಲ್ಲಿ ಕರಕಲು ಗುರುತು ಹುಡುಕಿರಿ ಎಂದಿದ್ದರೆ ಸಾಕಿತ್ತು. ಎಲೆಯನ್ನು ಮಗುಚಿದರೆ ತೊಟ್ಟಿನ ಹತ್ತಿರ ಸಣ್ಣ ಗ್ರಂಥಿಗಳು ಕೈಗೆ ತಗಲುತ್ತವೆ; ಮಗುಚಿ ಎಂದು ಯಾರೂ ಹೇಳುವುದಿಲ್ಲ. ಬಿದ್ದ ಕಾಯಿಗೆ ಐದು ರೆಕ್ಕೆ. ಮೇಲಕ್ಕೆಸೆದು ನೋಡಿದರೆ ಮರ ತನ್ನ ಸಂಸಾರವನ್ನು ಹೇಗೆ ದೂರ ಕಳಿಸುತ್ತದೆ ಎಂಬುದು ತಾನೇ ತಿಳಿಯುತ್ತದೆ. ಎಸೆಯಲು ಸಮಯವಿಲ್ಲ, ಹನ್ನೊಂದಕ್ಕೆ ರ‍್ಯಾಫ್ಟಿಂಗ್ ಇದೆ.

ತಪ್ಪು ಗೈಡಿನದಲ್ಲ. ಅವರಲ್ಲಿ ಬಹಳ ಮಂದಿ ಆ ಕಾಡಿನ ಅಂಚಿನಲ್ಲೇ ಬೆಳೆದವರು. ಅವರು ಬಲ್ಲದ್ದನ್ನು ಹೇಳಲು ಈ ಸಾಲು, ಈ ವೇಳಾಪಟ್ಟಿ ಬಿಡುವುದಿಲ್ಲ. ತಪ್ಪು ಶಿಬಿರದ ರೂಪದಲ್ಲೇ ಇದೆ. ಅದೇ ಮತ್ತಿ ಎಲೆ ಉದುರಿಸಿ ನಿಂತದ್ದನ್ನೂ ಮತ್ತೆ ಚಿಗುರಿದ್ದನ್ನೂ ಕಾಣದ ಮಗು ಮರವನ್ನು ಕಂಡಿತೆಂದು ಹೇಳುವುದು ಹೇಗೆ?

ಇಲ್ಲಿ ನಾರ್ವೆಯ ಭಕ್ತರ ಜೊತೆ ಸ್ವಲ್ಪ ಜಗಳವಿದೆ. ಅವರು ಅಲ್ಲಿಂದ ತರುವುದು ಹಿಮ, ಸ್ಕೀ, ಉಣ್ಣೆ ಟೊಪ್ಪಿಗೆಯ ಚಿತ್ರವನ್ನು. ಆ ಸಂಪ್ರದಾಯದ ಬೆನ್ನೆಲುಬು 1957ರ ಕಾನೂನು: ಉಳುಮೆಯಿಲ್ಲದ ನೆಲದಲ್ಲಿ, ಮಾಲೀಕ ಯಾರೇ ಇರಲಿ, ಯಾರು ಬೇಕಾದರೂ ನಡೆಯಬಹುದು. 1868ರಲ್ಲಿ ಹುಟ್ಟಿದ ಅಲ್ಲಿನ ಪ್ರವಾಸಿ ಸಂಘದ ಎಷ್ಟೋ ಗುಡ್ಡದ ಮನೆಗಳಲ್ಲಿ ಕಾವಲುಗಾರನಿಲ್ಲ. ನೀವೇ ಬೀಗ ತೆಗೆದು, ಒಲೆ ಹಚ್ಚಿ, ಉಂಡದ್ದಕ್ಕೆ ನೀವೇ ಲೆಕ್ಕ ಬರೆದು ಹಣ ಕೊಡಬೇಕು. 1967ರ ಈಸ್ಟರ್ ರಜೆಯಲ್ಲಿ ಬೆಟ್ಟಗಳಲ್ಲಿ 18 ಜನ ಸತ್ತ ಮೇಲೆ ಮನೆಮನೆಗೆ ಮುಟ್ಟಿದ ಬೆಟ್ಟದ ನಿಯಮಗಳಲ್ಲಿ ಒಂದು, ಹೊತ್ತಿಗೆ ಸರಿಯಾಗಿ ಹಿಂದಿರುಗಿ, ಅದರಲ್ಲಿ ನಾಚಿಕೆಯಿಲ್ಲ ಎನ್ನುತ್ತದೆ. ಅಂದರೆ ಹಿಂದಿರುಗುವ ತೀರ್ಮಾನ ನಡೆಯುವವನದೇ. ನಮ್ಮ ಶಿಬಿರದಲ್ಲಿ ಮಗು ಯಾವ ತೀರ್ಮಾನ ಮಾಡುತ್ತದೆ? ಚಪಾತಿ ಎರಡೋ ಮೂರೋ ಎಂಬುದೊಂದೇ. ದಾಂಡೇಲಿ ಅಭಯಾರಣ್ಯ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯಕ್ಕೆ ಪರವಾನಗಿ ಇಲ್ಲದೆ ಕಾಲಿಡುವಂತಿಲ್ಲ, ಇಡಲೂ ಬಾರದು. ಹುಲಿಯ ಮನೆಯಲ್ಲಿ ನಾರ್ವೆ ನಡೆಯದು.

ಇನ್ನೊಂದು ಪಂಗಡ, ‘ಇದೆಲ್ಲಾ ನಮ್ಮಲ್ಲಿ ಇದ್ದದ್ದೇ’ ಎನ್ನುವವರು. ಎಳ್ಳಮವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲೇ ಉಂಡೆವು, ಮಣ್ಣೆತ್ತಿನ ಅಮವಾಸ್ಯೆಗೆ ಮಕ್ಕಳು ಮಣ್ಣು ಕಲಸಿದರು, ಇನ್ನೇನು ಬೇಕು? ಬೇಕಾದದ್ದು ಹೊಲ. ವಿದ್ಯಾನಗರದ ಅಪಾರ್ಟ್‌ಮೆಂಟಿನ ಹುಡುಗನಿಗೆ ಅದಿಲ್ಲ. ಮಣ್ಣೆತ್ತನ್ನು ಪೇಟೆಯಿಂದ ಕೊಂಡು ತರುತ್ತಾರೆ. ಇವರದು ವಿಮರ್ಶೆಯಲ್ಲ, ಹಳಹಳಿಕೆ.

ಈ ಗದ್ದಲದಲ್ಲಿ ಕಡೆಗಣನೆಗೆ ಒಳಗಾದದ್ದು ಧಾರವಾಡದ ನೆಲವೇ. ಪಡುವಣಕ್ಕೆ ಮಲೆನಾಡಿನ ಸೆರಗು, ಮೂಡಣಕ್ಕೆ ಎರೆಭೂಮಿ. ಇಲ್ಲಿನ ದಿಬ್ಬದ ಒಂದು ಮಗ್ಗುಲಿಗೆ ಬಿದ್ದ ಮಳೆ ತುಪ್ಪರಿಹಳ್ಳ, ಮಲಪ್ರಭೆ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯಾಗಿ, ಕಲಘಟಗಿಯ ಕಡೆ ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಊರಿನಿಂದ ಎರಡು ಕಡಲಿಗೆ ದಾರಿ! ವೈದ್ಯ ಸಂಜೀವ ಕುಲಕರ್ಣಿಯವರು ದಡ್ಡಿ ಕಮಲಾಪುರದ ಬಳಿ ಬೆಳೆಸಿದ ಸುಮನ ಸಂಗಮ ಊರಿನ ಹತ್ತಿರವೇ ಕಾಡು ಸಾಧ್ಯವೆಂದು ತೋರಿಸಿದೆ. ಆದರೆ ಒಬ್ಬರು ಬೆಳೆಸಿದ ಕಾಡು ಎರಡು ಊರಿನ ಶಾಲೆಗಳಿಗೆಲ್ಲ ಸಾಲದು, ಸಾಲಬೇಕೆಂದು ಕೇಳುವುದೂ ನ್ಯಾಯವಲ್ಲ.

ಶಾಲೆಯ ಹಿರಿಯರಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ವರ್ಷ ದಾಂಡೇಲಿಯ ಬಸ್ಸನ್ನು ರದ್ದು ಮಾಡಿ. ಹತ್ತು ಹನ್ನೆರಡು ಮಕ್ಕಳ ಗುಂಪು ಮಾಡಿ, ಒಬ್ಬ ಮಾಸ್ತರರ ಜೊತೆ ತಿಂಗಳಿಗೊಮ್ಮೆ ಶಾಲ್ಮಲೆಯ ದಂಡೆಗೆ ಕಳಿಸಿ. ಎಲ್ಲಿಯವರೆಗೆ ನಡೆಯಬೇಕು, ಎಲ್ಲಿಂದ ತಿರುಗಬೇಕು ಎಂಬುದನ್ನು ಮಕ್ಕಳೇ ಮಾತಾಡಿಕೊಂಡು ಗೊತ್ತುಮಾಡಲಿ. ಸೋಮೇಶ್ವರಕ್ಕೆ ಹೋಗಲು ಅರಣ್ಯ ಇಲಾಖೆಯ ಪರವಾನಗಿ ಬೇಕಿಲ್ಲ.