ಐದು ವಿಕೆಟ್ಟಿನಾಚೆಯ ರಾಜೇಶ್ವರಿ

ಒಬ್ಬ ಕವಿಯ ಒಂದೇ ಕವಿತೆಯನ್ನು ಪಠ್ಯದಲ್ಲಿ ಸೇರಿಸಿ, ವರ್ಷಾನುಗಟ್ಟಲೆ ಅದನ್ನೇ ಪಾಠ ಮಾಡಿ, ಆ ಕವಿ ಎಂದರೆ ಅಷ್ಟೇ ಎಂದು ಮಕ್ಕಳು ನಂಬುವಂತೆ ಮಾಡುವುದುಂಟು. ವಿಜಯಪುರದ ರಾಜೇಶ್ವರಿ ಗಾಯಕವಾಡರ ವಿಷಯದಲ್ಲಿಯೂ ನಾವು ಹೀಗೆಯೇ ಮಾಡಿದ್ದೇವೆ. 2017ರ ಜುಲೈ 15, ಡರ್ಬಿ, ನ್ಯೂಜಿಲೆಂಡಿನ ಎದುರು 15 ರನ್ನಿಗೆ 5 ವಿಕೆಟ್. ಇಷ್ಟನ್ನು ಹೇಳಿ, ಕಾರು ಬೇಡವೆಂದ ಪ್ರಸಂಗವನ್ನು ಸೇರಿಸಿದರೆ ನಮ್ಮ ಮೆಚ್ಚುಗೆ ಮುಗಿಯುತ್ತದೆ.

ಆ ಐದು ವಿಕೆಟ್ಟುಗಳನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಗೆದ್ದವರು ವಿಶ್ವಕಪ್ಪಿನ ಸೆಮಿಫೈನಲ್ಲಿಗೆ, ಸೋತವರು ಊರಿಗೆ ಎಂಬ ಪಂದ್ಯ ಅದು. ಮಿಥಾಲಿ ರಾಜ್ 109 ರನ್ ಹೊಡೆದರು, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಮಾಡಿದರು. 266ರ ಗುರಿ ಬೆನ್ನು ಹತ್ತಿದ ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಆದರೆ ಅದೇ ಟೂರ್ನಿಯ ಹಿಂದಿನ ಪಂದ್ಯಗಳಲ್ಲಿ ರಾಜೇಶ್ವರಿ ಹೊರಗೆ ಕುಳಿತಿದ್ದರು. ಎಡಗೈ ಸ್ಪಿನ್ನಿನ ಸ್ಥಾನ ಏಕತಾ ಬಿಷ್ಟ್ ಅವರದಾಗಿತ್ತು. ಅವರೂ ಇದೇ ಡರ್ಬಿಯಲ್ಲಿ, ಎರಡು ವಾರಗಳ ಹಿಂದಷ್ಟೇ, ಪಾಕಿಸ್ತಾನದ ಮೇಲೆ 18 ರನ್ನಿಗೆ 5 ವಿಕೆಟ್ ಕಿತ್ತಿದ್ದರು. ಅಂಥವರನ್ನು ಬಿಟ್ಟು ತನ್ನನ್ನು ಆಡಿಸಿದ ದಿನ ಬಂದ ಬೌಲಿಂಗ್ ಇದು. ಕಾಯುತ್ತ ಕೂತವರ ಕೈ ಜಡವಾಗಿರಲಿಲ್ಲ ಎಂಬುದೇ ನನಗೆ ಹೆಚ್ಚಿನ ಮಾತು.

ಅವರ ಬೌಲಿಂಗಿನಲ್ಲಿ ಆಡಂಬರವಿಲ್ಲ. ಚೆಂಡನ್ನು ಬಹಳ ಎತ್ತರಕ್ಕೆ ತೇಲಿಬಿಟ್ಟು ಆಸೆ ತೋರಿಸುವ ಗೋಜಿಗೆ ಹೋಗುವುದಿಲ್ಲ. ತುಸು ವೇಗವಾಗಿಯೇ, ಸ್ಟಂಪಿನ ನೇರಕ್ಕೆ ಹಾಕುತ್ತಾರೆ. ಬಲಗೈ ಬ್ಯಾಟರಿಗೆ ಒಂದು ಚೆಂಡು ಹೊರಗೆ ತಿರುಗುತ್ತದೆ, ಇನ್ನೊಂದು ತಿರುಗದೆ ನೇರ ಬರುತ್ತದೆ. ಯಾವುದು ಯಾವುದೆಂದು ತಿಳಿಯುವಷ್ಟರಲ್ಲಿ ಕಾಲಿಗೋ ಸ್ಟಂಪಿಗೋ ತಗುಲಿರುತ್ತದೆ. ಇಂಥವರಿಂದ ಒಂದು ತುದಿಯಲ್ಲಿ ರನ್ ಬತ್ತುತ್ತದೆ. ಬೇಸತ್ತ ಬ್ಯಾಟರು ಇನ್ನೊಂದು ತುದಿಯಲ್ಲಿ ದುಡುಕುತ್ತಾರೆ. ಆ ವಿಕೆಟ್ ಬೇರೆಯವರ ಲೆಕ್ಕಕ್ಕೆ ಸೇರುತ್ತದೆ. 2022ರ ಮಾರ್ಚ್ 6ರಂದು ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ಮೇಲೆ ಅವರು 31 ರನ್ನಿಗೆ 4 ವಿಕೆಟ್ ಪಡೆದದ್ದು ಡರ್ಬಿ ಒಂದು ದಿನದ ಅದೃಷ್ಟವಲ್ಲವೆಂಬುದಕ್ಕೆ ಸಾಕ್ಷಿ. ಅದನ್ನು ನೆನಪಿಟ್ಟವರು ಎಷ್ಟು ಮಂದಿ?

ಕೊರತೆಗಳನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಸನ್ಮಾನಪತ್ರವಾಗುತ್ತದೆ. ಬ್ಯಾಟು ಹಿಡಿದರೆ ರಾಜೇಶ್ವರಿ ಕೊನೆಯ ಸಾಲಿನವರು. 2017ರ ಜುಲೈ 23ರಂದು ಲಾರ್ಡ್ಸ್ ಫೈನಲ್ಲಿನಲ್ಲಿ ಗೆಲುವಿಗೆ ಇನ್ನೂ ಹತ್ತು ರನ್ ಬೇಕಿದ್ದಾಗ ಅನ್ಯಾ ಶ್ರಬ್‌ಸೋಲ್ ಎಸೆದ ಚೆಂಡಿಗೆ ಬೌಲ್ಡ್ ಆದ ಕೊನೆಯ ಆಟಗಾರ್ತಿ ಅವರೇ. ಬೌಲರ್ ಕೂಡ ನಾಲ್ಕು ರನ್ ಹೊಡೆಯಲಿ ಎಂದು ಕೇಳುವ ಕಾಲವಿದು. ಬರೀ ಬೌಲಿಂಗ್ ಬಲ್ಲವರಿಗೆ ಸ್ಥಾನ ಕಿರಿದಾಗುತ್ತದೆ.

ಇನ್ನು ಕಾರಿನ ಮಾತು. ಇಂಗ್ಲೆಂಡಿನಿಂದ ಬಂದ ಮೇಲೆ ಸಚಿವರಾಗಿದ್ದ ಎಂ. ಬಿ. ಪಾಟೀಲರು ಕಾರು ಕೊಡಲು ಮುಂದಾದರು. ರಾಜೇಶ್ವರಿ, ನಮ್ಮ ಮನೆಯವರಿಗೆ ಈಗ ಬೇಕಿರುವುದು ಮನೆ ಎಂದರು. ತಂದೆ 2014ರಲ್ಲಿ, ಮಗಳು ಭಾರತಕ್ಕೆ ಆಡತೊಡಗಿದ ವರ್ಷವೇ, ತೀರಿಕೊಂಡಿದ್ದರು. ಈ ಮಾತನ್ನು ಬಡವರ ಮನೆಯ ಕರುಣೆಯ ಕಥೆಯಾಗಿ ಓದಿದವರೇ ಹೆಚ್ಚು. ನನಗದು ಅವರ ಬೌಲಿಂಗಿನಂತೆಯೇ ಕೇಳಿಸಿತು: ನೇರಕ್ಕೆ, ಬೇಕಾದ ಕಡೆಗೆ. ಸನ್ಮಾನ ಮಾಡುವವರು ತಮಗೆ ತೋಚಿದ್ದನ್ನು ಕೊಡುತ್ತಾರೆ. ಪಡೆಯುವವರ ಅಗತ್ಯವೇನೆಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ಅಗತ್ಯವೆಂದರೆ ಇನ್ನೂ ಹಿಂದಕ್ಕೆ ಹೋಗಬೇಕು. 1991ರಲ್ಲಿ ಹುಟ್ಟಿದ ಈ ಹುಡುಗಿ ಕ್ರಿಕೆಟ್ ಚೆಂಡನ್ನು ಪಳಗಿಸಲು ಕೂತದ್ದು ಹದಿನೆಂಟರ ಸುಮಾರಿಗೆ. ಅದಕ್ಕೆ ಮುಂಚೆ ಜಾವೆಲಿನ್, ಡಿಸ್ಕಸ್, ವಾಲಿಬಾಲ್. ವಿಜಯಪುರದಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್ ಕ್ಲಬ್ ಆರಂಭವಾದದ್ದೇ 2009ರಲ್ಲಿ. ಐದು ವರ್ಷ ತುಂಬುವುದರೊಳಗೆ ಅವರು ಭಾರತ ತಂಡದಲ್ಲಿದ್ದರು. ಇದನ್ನು ಪವಾಡವೆಂದು ಹಾಡುವುದು ಸುಲಭ. ಹನ್ನೆರಡನೆಯ ವಯಸ್ಸಿಗೇ ಒಂದು ನೆಟ್ಟು, ಒಬ್ಬ ಕೋಚು ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಕೇಳುವುದು ಕಷ್ಟ, ಏಕೆಂದರೆ ಉತ್ತರ ಕೊಡಬೇಕಾದವರು ನಾವು.

ನಮ್ಮ ಘಾಟಬೋರಾಳದ ಕಡೆ ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತ ಕವಣೆ ಬೀಸಿದ ಹೆಣ್ಣುಮಕ್ಕಳ ಕೈಯನ್ನು ನಾನು ಕಂಡಿದ್ದೇನೆ. ಗುರಿ ತಪ್ಪುವುದಿಲ್ಲ. ಏಳನೆಯ ಇಯತ್ತೆ ದಾಟುತ್ತಲೇ ಅವರು ಮೈದಾನ ಬಿಡುತ್ತಾರೆ. ಯಾರೂ ಬೇಡವೆನ್ನಬೇಕಾಗಿಲ್ಲ, ಯಾರೂ ಬಾ ಎನ್ನದಿದ್ದರೆ ಸಾಕು.

2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಬಂದಾಗ ಯು.ಪಿ. ವಾರಿಯರ್ಸ್ ರಾಜೇಶ್ವರಿಯವರನ್ನು 40 ಲಕ್ಷಕ್ಕೆ ಕೊಂಡಿತು. ಆಟವೇ ಅನ್ನವಾಗುವ ಕಾಲ ಬರುವಷ್ಟರಲ್ಲಿ ಅವರಿಗೆ ಮೂವತ್ತು ದಾಟಿತ್ತು. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಎತ್ತಿದಾಗ ಎಡಗೈ ಸ್ಪಿನ್ನಿನ ಹೊಣೆ ಕಡಪಾ ಜಿಲ್ಲೆಯ ಶ್ರೀ ಚರಣಿ ಮತ್ತು ರಾಧಾ ಯಾದವರದಾಗಿತ್ತು. ಆ ಗೆಲುವನ್ನು ನೋಡಿ ಹಿಗ್ಗಿದವರು ಲಾರ್ಡ್ಸಿನ ಒಂಬತ್ತು ರನ್ನಿನ ಸೋಲನ್ನೂ, ಆ ದಿನ ಹತ್ತು ಓವರ್ ಹಾಕಿದ ವಿಜಯಪುರದ ಎಡಗೈಯನ್ನೂ ನೆನೆಯಬೇಕು. ಮತ್ತು ತಮ್ಮೂರ ಶಾಲೆಯ ಮೈದಾನದಲ್ಲಿ ಸಂಜೆ ಹೊತ್ತು ಹುಡುಗಿಯರು ಎಷ್ಟು ಜನ ಇದ್ದಾರೆಂದು ಒಮ್ಮೆ ಹೋಗಿ ಎಣಿಸಬೇಕು.