ಬೆಳ್ಳಿ ಚುಕ್ಕಿಯೂ ಬ್ಲೂ ಬುಕ್ಕೂ

ತ್ರೀಫೇಸ್ ಕರೆಂಟು ಯಾವಾಗ ಬರುತ್ತದೋ ಆಗಲೇ ಕಬ್ಬಿಗೆ ನೀರು ಕಟ್ಟಬೇಕು. ಮದ್ದೂರು, ಮಳವಳ್ಳಿ ಕಡೆಯ ರೈತರಿಗೆ ಅದು ಎಷ್ಟೋ ಸಲ ನಡುರಾತ್ರಿ, ಇಲ್ಲವೇ ಕೋಳಿ ಕೂಗುವ ಹೊತ್ತು. ಆಗ ದೀಪಗಳ ಸಾಲೊಂದು ಸದ್ದಿಲ್ಲದೆ ತಲೆಯ ಮೇಲೆ ಹಾದುಹೋದರೆ ಯಾರಿಗೆ ಹೇಳುವುದು? ವಾಟ್ಸಾಪಿಗೆ ಹಾಕಿದರೆ ಬೆಳಗಾಗುವುದರೊಳಗೆ ಅದು ಹಾರುವ ತಟ್ಟೆಯಾಗಿರುತ್ತದೆ. (2019ರ ಮೇ ತಿಂಗಳಿಂದ ಕಂತು ಕಂತಾಗಿ ಮೇಲೇರುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳು ಹೊಸದರಲ್ಲಿ ಹೀಗೇ ಸಾಲುಗಟ್ಟಿ ಕಾಣುತ್ತವೆ.) ಆಕಾಶ ಕಾಯುವವರು ಸೇನೆಯವರು, ಅವರೇ ನೋಡಿ ಹೇಳಲಿ ಎನ್ನುವುದು ಸಹಜ. ಆದರೆ ಸೇನೆಗಳು ಇಂಥ ತನಿಖೆ ನಡೆಸಿದ ರೀತಿ ನೋಡಿದರೆ ನನಗೆ ಅಷ್ಟೇನೂ ಭರವಸೆ ಹುಟ್ಟುವುದಿಲ್ಲ.

ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ನಡೆಸಿದ 'ಪ್ರಾಜೆಕ್ಟ್ ಬ್ಲೂ ಬುಕ್' ಎಂಬ ತನಿಖೆಯ ಕಡತಗಳಲ್ಲಿ, ಆಕಾಶದಲ್ಲಿ ಗುರುತು ಸಿಗದ್ದೇನೋ ಕಂಡೆವೆಂಬ 12,618 ವರದಿಗಳಿವೆ. ಅವುಗಳಲ್ಲಿ 701 ಬಗೆಹರಿಯಲಿಲ್ಲ. ಲೆಕ್ಕವೇನೋ ಅಚ್ಚುಕಟ್ಟು. ಆದರೆ ವಾಯುಪಡೆಗೆ ಮುಖ್ಯವಾಗಿ ಬೇಕಿದ್ದದ್ದು ದೇಶಕ್ಕೆ ಅಪಾಯವಿದೆಯೇ ಇಲ್ಲವೇ ಎನ್ನುವುದು. ಕಂಡವರಿಗೆ ಬೇಕಿದ್ದದ್ದು ತಾವು ಕಂಡದ್ದೇನು ಎನ್ನುವುದು. 1966ರಲ್ಲಿ ಮಿಷಿಗನ್ನಿನ ಜನ ಬೆಳಕು ಕಂಡಾಗ, ಯೋಜನೆಯ ಸಲಹೆಗಾರರಾಗಿದ್ದ ಖಗೋಳಜ್ಞ ಅಲೆನ್ ಹೈನೆಕ್ ಅದು ಜೌಗು ನೆಲದ ಅನಿಲವಿರಬಹುದು ಎಂದುಬಿಟ್ಟರು. ಊರಿನವರು ಕೆರಳಿದರು, ಪತ್ರಿಕೆಗಳು ಗೇಲಿ ಮಾಡಿದವು. ಬ್ಲೂ ಬುಕ್ಕನ್ನು ಮುಂದೆ ಕಟುವಾಗಿ ಟೀಕಿಸಿದವರಲ್ಲಿ ಹೈನೆಕ್ಕರೂ ಒಬ್ಬರು.

ನಮ್ಮ ಸೇನೆಯ ಲಡಾಖ್ ಪ್ರಸಂಗವನ್ನು ಇದರ ಪಕ್ಕ ಇಟ್ಟು ನೋಡಬೇಕು. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಪಾಂಗಾಂಗ್ ಸರೋವರದ ಬಳಿಯ ಕಾವಲು ಪಡೆ 329 ಸಲ ಬೆಳಕು ಕಂಡಿತು, 155 ಸಲ ಅದು ನಮ್ಮ ಗಡಿಯೊಳಗೆ ಬಂದಿತೆಂದೂ ಬರೆದಿಟ್ಟಿತು. ಚೀನಾದ ಡ್ರೋನೆಂಬ ಗುಮಾನಿ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರನ್ನು ಕರೆಸಿ ಕೇಳಿದರೆ, ಒಂದು ಶುಕ್ರ, ಇನ್ನೊಂದು ಗುರು! ಬೆಳ್ಳಿ ಮೂಡಿದ್ದು ನೋಡಿ ಎದ್ದು ಹಾಲು ಕರೆಯುತ್ತಿದ್ದ ನಮ್ಮೂರ ಅಜ್ಜಿಯರು ಕೇಳಿದ್ದರೆ ನಕ್ಕಾರು. ನನಗೆ ನಗು ಬರುವುದಿಲ್ಲ. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಗ್ರಹಗಳು ಕಣ್ಣು ಕುಕ್ಕುತ್ತವೆ, ನಿಜವಾದ ಡ್ರೋನುಗಳ ಓಡಾಟವೂ ಆಗ ಹೆಚ್ಚಿತ್ತು. ಅನುಮಾನ ಬಂದದ್ದನ್ನು ಪ್ರತಿ ಸಲವೂ ಬರೆದಿಟ್ಟು, ತಿಳಿದವರ ಮುಂದೆ ಇಟ್ಟರಲ್ಲ, ಬ್ಲೂ ಬುಕ್ಕಿಗಿಂತ ಇದು ಎಷ್ಟೋ ಮೇಲಾದ ತನಿಖೆ.

ಆದರೆ ಅಲ್ಲಿ ಕಂಡವರು ಸೈನಿಕರು. ಜನಸಾಮಾನ್ಯರು ಕೇಳಿದಾಗ? 2020ರ ಮೇ 20ರ ಮಧ್ಯಾಹ್ನ ಬೆಂಗಳೂರು ಭಾರೀ ಸದ್ದಿಗೆ ನಡುಗಿತು. ಅದು ವಾಯುಪಡೆಯ ಪರೀಕ್ಷಾರ್ಥ ಹಾರಾಟ ಎಂದು ರಕ್ಷಣಾ ಇಲಾಖೆ ಹೇಳಿದ್ದು ಸಂಜೆ. ಹೇಳಿಕೆ ಮಾತ್ರ ಚೆನ್ನಾಗಿತ್ತು: ವಿಮಾನ 36,000ದಿಂದ 40,000 ಅಡಿ ಎತ್ತರದಲ್ಲಿ ತನ್ನ ವೇಗವನ್ನು ಶಬ್ದದ ವೇಗಕ್ಕಿಂತ ಮೇಲಿನಿಂದ ಕೆಳಕ್ಕೆ ಇಳಿಸುವಾಗ ಎದ್ದ ಸದ್ದು, 65ರಿಂದ 80 ಕಿಲೋಮೀಟರ್ ದೂರದವರೆಗೂ ಕೇಳಬಹುದು. ಇಷ್ಟು ವಿವರ ಕೊಟ್ಟರೆ ಮದ್ದೂರಿನಲ್ಲಿ ಕೂತವರೂ ತಾಳೆ ನೋಡಬಹುದು. ಅಂದು ಬೆಚ್ಚಿದ್ದು ರಾಜಧಾನಿ. ಮಳವಳ್ಳಿಯ ಗದ್ದೆ ಬದುವಿನಲ್ಲಿ ಒಬ್ಬನೇ ನಿಂತು ಕಂಡ ಬೆಳಕಿಗೂ ಸಂಜೆಯೊಳಗೆ ಇಂಥದೊಂದು ಹೇಳಿಕೆ ಹೊರಡುತ್ತದೆಂದು ನನಗಂತೂ ನಂಬಿಕೆಯಿಲ್ಲ.