‘ಬಿಲ್ಡ್’ ಎಂಬ ಧಾತುವೂ ಶಾಸನಗಳ ‘ಕಟ್ಟಿಸಿದಂ’ ಎಂಬುದೂ

ಶಾಸನಗಳ ‘ಕಟ್ಟಿಸಿದಂ’ ಎಂಬುದನ್ನು ಇಂಗ್ಲಿಷಿನ ‘ಬಿಲ್ಡ್’ ಧಾತುವಿನಿಂದ ಅನುವಾದಿಸುವುದು ರೂಢಿ. ದೇಗುಲದ ವಿಷಯದಲ್ಲಿ ಇದು ಸಲ್ಲಬಹುದು. ಕೆರೆಯ ವಿಷಯದಲ್ಲಿ ಸಾಲದು. ‘ಬಿಲ್ಡ್’ ಮೂಲತಃ ವಾಸಸ್ಥಾನವನ್ನು ನಿರ್ಮಿಸುವುದಕ್ಕೆ ಸಂಬಂಧಿಸಿದುದು. ‘ಕಟ್ಟು’ ಎಂಬುದಾದರೋ ಹೂವನ್ನೂ ಹಸುವನ್ನೂ ಹರಿವ ನೀರನ್ನೂ ಬಂಧಿಸುವ ಧಾತು. ಹೊಸಪೇಟೆಯ ದಕ್ಷಿಣಕ್ಕೆ ಎರಡು ಬೆಟ್ಟಗಳ ನಡುವೆ ಕೃಷ್ಣದೇವರಾಯನು ಹಾಕಿಸಿದ ಏರಿಯನ್ನು ಕಂಡವರಿಗೆ ಈ ಭೇದವು ಸ್ಪಷ್ಟ: ಅಲ್ಲಿ ಕಟ್ಟಿದುದು ಬರಿಯ ಏರಿಯನ್ನಲ್ಲ, ಕಣಿವೆಯ ನೀರನ್ನು.

ಇನ್ನೊಂದು ನಷ್ಟವೂ ಉಂಟು, ಅದೇ ಹಿರಿದು. ಪ್ರೇರಣಾರ್ಥವನ್ನು ಬಿಡಿಸಿ ಹೇಳುವ ತಾಳ್ಮೆಯಿಲ್ಲದ ಅನುವಾದದಲ್ಲಿ ಕಟ್ಟಿಸಿದ ಅರಸನೇ ಕಟ್ಟಿದವನಾಗುತ್ತಾನೆ. 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ ಪ್ರವಾಸಿ ಪಾಯೆಸನು ಅರಸನ ಕೆರೆಯ ಕೆಲಸದಲ್ಲಿ 15–20 ಸಾವಿರ ಜನರಿದ್ದಿರಬೇಕೆಂದು ಬರೆದಿದ್ದಾನೆ. ಕನ್ನಡದ ‘ಇಸು’ ಪ್ರತ್ಯಯದಲ್ಲಿ ಅವರಿಗೆ ಎಡೆಯಿದೆ; ‘ಬಿಲ್ಟ್’ ಎಂಬಲ್ಲಿ ಇಲ್ಲ.